ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಗಪ್ಪಿ ಮೀನಿಗೂ ಹಾಗೇನಾ?

ತೊಟ್ಟಿಮನೆ
ಎಲ್ಲರಿಗೂ ನಮಸ್ಕಾರ, ಮೈಸೂರಿನಿಂದ. ಮನೆಯಲ್ಲಿ ಎರಡು ಅಡಿ ತೊಟ್ಟಿ ಇದೆ, ಅದರಲ್ಲಿ 11 ಗಪ್ಪಿ. ಅಂಗಡಿಯಿಂದ ತಂದು ನಾಲ್ಕು ತಿಂಗಳಾಯಿತು. ಎಲ್ಲ ಒಂದೇ ತೊಟ್ಟಿಯವು, ತಿನ್ನುವುದೂ ಒಂದೇ. ಆದರೆ ಅದರಲ್ಲಿ ಎರಡು ಹೆಣ್ಣುಗಳನ್ನು ನೋಡಿದರೆ ಒಂದೇ ಜಾತಿ ಮೀನು ಅಂತ ನಂಬುವುದೇ ಕಷ್ಟ.

ಒಂದು, ಬಾಲದ ತುದಿ ಸ್ವಲ್ಪ ಹರಿದಿರುವುದು. ಊಟದ ಡಬ್ಬಿ ಅಲ್ಲಾಡಿಸಿದ ಸದ್ದಿಗೇ ಮೇಲೆ ಬಂದು ಗಾಜಿಗೆ ಮೂತಿ ಒತ್ತಿ ನಿಲ್ಲುತ್ತದೆ. ನೀರಿಗೆ ಬೆರಳು ಇಳಿಸಿದರೆ ಬಂದು ಕಚ್ಚಿ ನೋಡುತ್ತದೆ. ನನ್ನ ಮಗಳು ಅದಕ್ಕೆ ಧೈರ್ಯಲಕ್ಷ್ಮಿ ಅಂತ ಹೆಸರಿಟ್ಟಿದ್ದಾಳೆ. ಇನ್ನೊಂದು ಯಾವಾಗಲೂ ಸ್ಪಂಜ್ ಫಿಲ್ಟರ್ ಹಿಂದೆ. ಉಳಿದವು ತಿಂದು ಚದುರಿದ ಮೇಲೆ ಬಂದು, ತಳಕ್ಕೆ ಬಿದ್ದದ್ದನ್ನು ಹೆಕ್ಕಿಕೊಂಡು ಮತ್ತೆ ಒಳಗೆ. ಅದರ ಹೆಸರು ಪುಕ್ಕಲಿ.

ಈಗ ಎರಡೂ ಬಸುರಿ. ಮಗಳ ಪ್ರಶ್ನೆ: ‘ಅಪ್ಪಾ, ಧೈರ್ಯಲಕ್ಷ್ಮಿ ಮರಿಗಳೂ ಧೈರ್ಯವಾಗಿರುತ್ತವಾ?’ ನನ್ನ ಹತ್ತಿರ ಉತ್ತರ ಇಲ್ಲ. ಗೊತ್ತಿರುವವರು ಹೇಳಿ.

ಗಪ್ಪಿ ಗುಂಡ
ಇದರಲ್ಲಿ ಕೇಳುವುದೇನಿದೆ ಗುರು, ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಆರು ವರ್ಷದಿಂದ ಗಪ್ಪಿ ಮರಿ ಮಾಡಿಸುತ್ತಿದ್ದೇನೆ. ಬಣ್ಣ ಹೇಗೆ ಇಳಿದು ಬರುತ್ತದೋ ಸ್ವಭಾವವೂ ಹಾಗೇ. ಅಂದಹಾಗೆ ಮರಿ ಹಾಕಿದ ತಕ್ಷಣ ತಾಯಿಯನ್ನು ಬೇರೆ ಮಾಡಿ. ಇಲ್ಲದಿದ್ದರೆ ಧೈರ್ಯಲಕ್ಷ್ಮಿಯೇ ಮರಿಗಳನ್ನು ತಿಂದು ತೇಗುತ್ತಾಳೆ.

ಅನುಮಾನ ಪಿಶಾಚಿ
ಮೀನಿಗೆ ಸ್ವಭಾವ ಅಂತೆ! ಬಸುರಿ ಮೀನಿಗೆ ಹಸಿವು ಜಾಸ್ತಿ, ಮೇಲೆ ಬರುತ್ತದೆ. ಇನ್ನೊಂದಕ್ಕೆ ಮೈ ಸರಿ ಇಲ್ಲದೆ ಇರಬಹುದು. ಅಥವಾ ಧೈರ್ಯಲಕ್ಷ್ಮಿಯೇ ಅದನ್ನು ಓಡಿಸುತ್ತಿರಬಹುದು. ನಾವು ಹೆಸರಿಟ್ಟ ಮೇಲೆ ಹೆಸರಿಗೆ ತಕ್ಕ ಹಾಗೆಯೇ ಕಾಣಿಸುತ್ತದೆ. ನಮ್ಮ ಬೀದಿಯಲ್ಲಿ ‘ಟೈಗರ್’ ಅಂತ ಒಂದು ನಾಯಿ ಇದೆ, ಬೆಕ್ಕು ಕಂಡರೆ ಓಡುತ್ತದೆ. ಅದನ್ನೂ ಎಲ್ಲರೂ ಹುಲಿ ಅಂತಲೇ ನಂಬಿದ್ದಾರೆ.

ನದಿತೀರ
ಪಿಶಾಚಿಯವರ ಅನುಮಾನ ಸರಿಯಾದ ಕಡೆಯೇ ಇದೆ. ಒಂದು ದಿನ ನೋಡಿ ಸ್ವಭಾವ ಅನ್ನಲಾಗದು. ಅದೇ ಮೀನು, ಬೇರೆ ಬೇರೆ ದಿನ, ಹಸಿದಿದ್ದಾಗ, ಹಸಿಯದಿದ್ದಾಗ, ಉಳಿದವಕ್ಕಿಂತ ಪ್ರತಿ ಸಲವೂ ಮುಂದೆ ಇದ್ದರೆ ಮಾತ್ರ ಆ ಪದ ಬಳಸಬಹುದು.

ನಾನು ನಾಲ್ಕು ವರ್ಷ ಇಂಗ್ಲೆಂಡಿನಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಬೆರಳುದ್ದದ ಮೀನಿನ ಜೊತೆ ಕಳೆದವಳು. ಬೆನ್ನ ಮೇಲೆ ಮೂರು ಮುಳ್ಳಿರುವ ಮೀನು. ಕೆಲಸ ಹೇಳಿದರೆ ನಗುತ್ತೀರಿ. ಒಂದು ಬಿಳಿ ಟ್ರೇ. ಮೂಲೆಯಲ್ಲಿ ಕತ್ತಲೆ ಡಬ್ಬಿ. ಡಬ್ಬಿಗೆ ಮೇಲೆ ಜಾರುವ ಬಾಗಿಲು, ಬಾಗಿಲಿಗೆ ದಾರ. ಮೀನನ್ನು ಒಳಗೆ ಬಿಟ್ಟು ಐದು ನಿಮಿಷ ಉಸಿರು ಬಿಗಿಹಿಡಿದು ಕೂರುವುದು. ಪರದೆಯ ಹಿಂದಿನಿಂದ ದಾರ ಎಳೆಯುವುದು. ಸ್ಟಾಪ್‌ವಾಚ್ ಒತ್ತುವುದು. ಕೆಲವು ಎಂಟು ಸೆಕೆಂಡಿಗೆ ಆಚೆ. ಕೆಲವು ಹತ್ತು ನಿಮಿಷ ಆದರೂ ಬಾಗಿಲಲ್ಲಿ ಮೂತಿ ತೋರಿಸಿ ವಾಪಸ್. ವಾರ ಬಿಟ್ಟು ಮತ್ತೆ ಅದೇ ಮೀನು, ಅದೇ ಡಬ್ಬಿ. ಎಂಟು ಸೆಕೆಂಡಿನದು ಈಗ ಹನ್ನೆರಡು ಮಾಡಬಹುದು. ಆದರೆ ಹತ್ತು ನಿಮಿಷದ್ದು ಎಂಟಕ್ಕೆ ಬರುವುದು ಅಪರೂಪ.

ಇದನ್ನು ಅಳೆಯಲು ಒಂದು ಸಂಖ್ಯೆ ಇದೆ. 0 ಬಂದರೆ ಮೀನು ಮೀನಿನ ನಡುವೆ ಕಾಯಂ ವ್ಯತ್ಯಾಸವೇ ಇಲ್ಲ. 1 ಬಂದರೆ ಪ್ರತಿ ಮೀನೂ ಪ್ರತಿ ಸಲ ತನ್ನ ಹಾಗೆಯೇ. 2009ರಲ್ಲಿ ಆಲಿಸನ್ ಬೆಲ್ ಮತ್ತು ಜೊತೆಗಾರರು ಬೇರೆ ಬೇರೆ ಪ್ರಾಣಿಗಳ ಮೇಲೆ ಆಗಿದ್ದ ಇಂಥ ಅಳತೆಗಳನ್ನೆಲ್ಲ ಒಟ್ಟು ಹಾಕಿದರು. ಸರಾಸರಿ ಬಂದದ್ದು 0.37. ಅಂದರೆ ನಡವಳಿಕೆಯ ಏರುಪೇರಿನಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ‘ಇದು ಯಾವ ಪ್ರಾಣಿ’ ಎನ್ನುವುದರ ಮೇಲೆ ನಿಂತಿದೆ. ಉಳಿದದ್ದು ಆ ಹೊತ್ತಿನ ಹಸಿವು, ಬೆಳಕು, ಮೂಡು.

ಅನುಮಾನ ಪಿಶಾಚಿ
ಅಂದರೆ ಮೂರನೇ ಎರಡು ಪಾಲು ನಾನೇ ಗೆದ್ದೆ.

ಮೇಷ್ಟ್ರು, ಹಾಸನ
ಸ್ಟಿಕಲ್‌ಬ್ಯಾಕ್ ಹೆಸರು ಕೇಳಿ ತುಂಬಾ ಖುಷಿಯಾಯಿತು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು, ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿದ ವಿಜ್ಞಾನಿ ಟಿನ್‌ಬರ್ಗೆನ್ ಅವರ ಕೆಂಪು ವ್ಯಾನಿನ ಕಥೆ ಹೇಳದೆ ಆ ಅಧ್ಯಾಯ ಮುಗಿಸಿದ್ದೇ ಇಲ್ಲ. ಹಾಲೆಂಡಿನ ಲೈಡನ್‌ನಲ್ಲಿ ಅವರ ತೊಟ್ಟಿಗಳು ಕಿಟಕಿ ಪಕ್ಕ ಇದ್ದವು. ಬೀದಿಯಲ್ಲಿ ಕೆಂಪು ಅಂಚೆ ವ್ಯಾನು ಹೋದರೆ ಗಂಡು ಮೀನುಗಳು ಕಿಟಕಿ ಕಡೆ ನುಗ್ಗಿ ಜಗಳಕ್ಕೆ ನಿಲ್ಲುತ್ತಿದ್ದವು. ಮರಿ ಮಾಡುವ ಕಾಲದಲ್ಲಿ ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಹಾಗಾಗಿ ಕೆಂಪು ಕಂಡರೆ ಎದುರಾಳಿ ಅಂತ ಲೆಕ್ಕ. ಆಗ ನಾವು ಕಲಿಸುತ್ತಿದ್ದದ್ದು ‘ಈ ಜಾತಿ ಮೀನು ಹೀಗೆ ಮಾಡುತ್ತದೆ’ ಅಂತ. ಎಲ್ಲ ಮೀನೂ ಒಂದೇ ಥರ ನುಗ್ಗುತ್ತಿತ್ತಾ, ಒಂದೆರಡು ಹಿಂದೆ ನಿಂತಿದ್ದವಾ ಅಂತ ಒಬ್ಬ ಹುಡುಗನೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ನದಿತೀರ
ಮೇಷ್ಟ್ರೇ, ಆ ಪ್ರಶ್ನೆಯನ್ನು 1976ರಲ್ಲಿ ಫೆಲಿಸಿಟಿ ಹಂಟಿಂಗ್‌ಫರ್ಡ್ ಕೇಳಿದರು, ಅದೂ ಇದೇ ಮೀನಿನಲ್ಲಿ. ಬೇಟೆಗಾರ ಪೈಕ್ ಮೀನಿನ ಎದುರು ಧೈರ್ಯ ತೋರಿಸುವ ಸ್ಟಿಕಲ್‌ಬ್ಯಾಕ್‌ಗಳೇ ತಮ್ಮವರ ಜೊತೆ ಜಗಳಕ್ಕೂ ಮುಂದು ಅಂತ ಕಂಡಿತು. ಎರಡು ಗುಣ, ಒಂದೇ ಗಂಟು.

ಆದರೆ ಈ ಗಂಟು ಎಲ್ಲ ಕಡೆ ಇಲ್ಲ. ವೇಲ್ಸ್‌ನ 12 ಕಡೆಯ ಸ್ಟಿಕಲ್‌ಬ್ಯಾಕ್‌ಗಳನ್ನು ಹೋಲಿಸಿದಾಗ, ಬೇಟೆ ಮೀನು ಇರುವ ನೀರಿನಲ್ಲಿ ಗಂಟು ಗಟ್ಟಿ, ಇಲ್ಲದ ಕಡೆ ಸಡಿಲ. 2007ರಲ್ಲಿ ಬೆಲ್ ಮತ್ತು ಆಂಡ್ರ್ಯೂ ಸಿಹ್ ಇನ್ನೂ ನೇರವಾಗಿ ನೋಡಿದರು. ಮೊದಲು ಅಳೆದಾಗ ಧೈರ್ಯಕ್ಕೂ ಜಗಳಗಂಟತನಕ್ಕೂ ನಂಟು ಇರಲಿಲ್ಲ. ಆಮೇಲೆ ಟ್ರೌಟ್ ಮೀನಿನ ಜೊತೆ ಬಿಟ್ಟರು. ಸುಮಾರು ಅರ್ಧ ಮೀನು ಟ್ರೌಟ್ ಹೊಟ್ಟೆಗೆ. ಉಳಿದವನ್ನು ಮತ್ತೆ ಅಳೆದರೆ ನಂಟು ಬಂದಿದೆ! ಸ್ವಲ್ಪ ಯಾರು ಸತ್ತರು ಎನ್ನುವುದರಿಂದ, ಸ್ವಲ್ಪ ಬದುಕಿದವು ಬದಲಾದದ್ದರಿಂದ. ಒಂದೇ ಪೀಳಿಗೆಯೊಳಗೆ.

ತೊಟ್ಟಿಮನೆ
ಮೇಡಂ, ಚೆನ್ನಾಗಿದೆ. ಆದರೆ ಮಗಳು ಪಕ್ಕದಲ್ಲೇ ಕೂತಿದ್ದಾಳೆ. ಮರಿಗಳ ಕಥೆ ಹೇಳಿ. ಅಮ್ಮನಿಂದ ಬರುತ್ತದಾ ಇಲ್ಲವಾ?

ನದಿತೀರ
ಬರುತ್ತೇನೆ. ಅದಕ್ಕೆ ನಿಮ್ಮ ಗಪ್ಪಿಯ ತವರಿಗೇ ಹೋಗಬೇಕು, ಟ್ರಿನಿಡಾಡ್. ಅಲ್ಲಿನ ರಾಬರ್ಟ್ ಗಪ್ಪಿ ಎಂಬವರು 1866ರಲ್ಲಿ ಈ ಮೀನನ್ನು ಲಂಡನ್ನಿನ ಮ್ಯೂಸಿಯಂಗೆ ಕಳಿಸಿದ್ದರಿಂದ ಈ ಹೆಸರು ಅಂಟಿಕೊಂಡಿತು.

ದ್ವೀಪದ ಉತ್ತರಕ್ಕೆ ಬೆಟ್ಟಸಾಲು. ಅಲ್ಲಿಂದ ಇಳಿಯುವ ಹೊಳೆಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಜಲಪಾತ. ಜಲಪಾತದ ಕೆಳಗೆ ಗಪ್ಪಿಯನ್ನು ನುಂಗುವ ಪೈಕ್ ಸಿಕ್ಲಿಡ್ ಮೀನು. ಅದು ಜಲಪಾತ ಹತ್ತಲಾರದು. ಮೇಲೆ ಗಪ್ಪಿಗೆ ಇರುವ ಶತ್ರು ಒಂದೇ, ರಿವುಲಸ್ ಎಂಬ ಸಣ್ಣ ಮೀನು. ಅದು ಮರಿಗಳನ್ನು ತಿನ್ನುತ್ತದೆ, ದೊಡ್ಡವರಿಗೆ ಅಷ್ಟೇನೂ ತೊಂದರೆ ಇಲ್ಲ. ಕೆಳಗಿನ ಗಪ್ಪಿಗಳು ಒತ್ತಾಗಿ ಗುಂಪು ಕಟ್ಟಿ ಓಡಾಡುತ್ತವೆ, ಸದಾ ಎಚ್ಚರ. ಮೇಲಿನವು ಬಿಡಿ ಬಿಡಿ, ಆರಾಮ.

ಇದು ಹುಟ್ಟಿನಿಂದ ಬಂದದ್ದಾ, ಶತ್ರುವನ್ನು ನೋಡಿ ಕಲಿತದ್ದಾ? 1957ರಲ್ಲಿ ಹ್ಯಾಸ್ಕಿನ್ಸ್ ಎಂಬ ವಿಜ್ಞಾನಿ ಇಂಥ ಒಂದು ಹೊಳೆಯ ಕೆಳಭಾಗದಿಂದ 200 ಗಪ್ಪಿ ಹಿಡಿದು ಟುರೂರೆ ಹೊಳೆಯ ಮೇಲ್ಭಾಗಕ್ಕೆ ಬಿಟ್ಟರು. ಅಲ್ಲಿ ಮೊದಲು ಗಪ್ಪಿಯೂ ಇರಲಿಲ್ಲ, ಪೈಕ್ ಸಿಕ್ಲಿಡ್ಡೂ ಇರಲಿಲ್ಲ. ಬಿಟ್ಟು ಹೊರಟರು. ಆನ್ ಮಗರನ್ ಮತ್ತು ಜೊತೆಗಾರರು ಅವುಗಳ ಸಂತತಿಯನ್ನು ಹಿಡಿದು ತಂದು, ತೊಟ್ಟಿಯಲ್ಲೇ ಮರಿ ಮಾಡಿಸಿ, ಬೇಟೆ ಮೀನನ್ನೇ ಕಾಣದ ಆ ಮರಿಗಳನ್ನು ಅಳೆದರು. 1992ರಲ್ಲಿ ಪ್ರಕಟವಾಯಿತು. ಗುಂಪು ಕಟ್ಟುವ ಚಟ ಸಡಿಲವಾಗಿತ್ತು. ಅಜ್ಜಿಯರ ಎಚ್ಚರ ಮೊಮ್ಮಕ್ಕಳಲ್ಲಿ ಇರಲಿಲ್ಲ. ಮೂವತ್ತೈದು ವರ್ಷಕ್ಕೂ ಕಡಿಮೆ. ಒಂದು ಆನೆಯ ಆಯಸ್ಸು ಮುಗಿಯುವ ಮೊದಲೇ ಗಪ್ಪಿಯ ಸ್ವಭಾವವೇ ಹೊರಳಿಕೊಂಡಿತ್ತು!

ಕರಾವಳಿ ಹುಡುಗಿ
ಆ 200 ಮೀನುಗಳಿಗೆ ಸರ್ಕಾರಿ ನೌಕರಿ ಸಿಕ್ಕ ಹಾಗಾಯಿತು.

ಗಪ್ಪಿ ಗುಂಡ
ನೋಡಿದ್ರಾ? ಹುಟ್ಟುಗುಣ. ನಾನು ಹೇಳಿದ್ದು ಅದನ್ನೇ.

ಅನುಮಾನ ಪಿಶಾಚಿ
ನಿಧಾನ ಗುಂಡಣ್ಣ. ಅದು ಊರು ಊರಿನ ನಡುವಿನ ವ್ಯತ್ಯಾಸ. ಒಂದೇ ತೊಟ್ಟಿಯ ಎರಡು ಹೆಣ್ಣಿನ ಮಾತು ಬೇರೆ. ಇನ್ನೊಂದು ಪ್ರಶ್ನೆ. ಪುಕ್ಕಲು ಒಳ್ಳೆಯದಾದರೆ ಎಲ್ಲವೂ ಪುಕ್ಕಲಾಗಿಬಿಡಬೇಕಿತ್ತು. ಧೈರ್ಯ ಒಳ್ಳೆಯದಾದರೆ ಎಲ್ಲವೂ ಧೈರ್ಯ. ಎರಡು ಥರವೂ ಯಾಕೆ ಉಳಿದಿವೆ?

ನದಿತೀರ
ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. 1992ರ ಇನ್ನೊಂದು ಪ್ರಯೋಗ ಹೇಳುತ್ತೇನೆ, ಲೀ ಡುಗಾಟ್ಕಿನ್ ಮಾಡಿದ್ದು. ಬೇಟೆ ಮೀನು ಕಂಡರೆ ಗಪ್ಪಿಗಳೆಲ್ಲ ಓಡುವುದಿಲ್ಲ. ಒಂದೆರಡು ಗುಂಪು ಬಿಟ್ಟು, ಶತ್ರುವಿನ ಹತ್ತಿರ ಸ್ವಲ್ಪ ಸ್ವಲ್ಪವೇ ಸರಿದು, ನೋಡಿಕೊಂಡು ವಾಪಸ್ ಬರುತ್ತವೆ. ಹೊಟ್ಟೆ ತುಂಬಿದೆಯಾ, ಹಸಿದಿದೆಯಾ ಅಂತ ಸಮಾಚಾರ ತರಲು ಹೋದ ಹಾಗೆ. ಎಷ್ಟು ಹತ್ತಿರ ಹೋಗುತ್ತವೆ ಎನ್ನುವುದರ ಮೇಲೆ ಧೈರ್ಯದವು 20, ಮಧ್ಯಮ 20, ಪುಕ್ಕಲು 20 ಅಂತ ಬೇರೆ ಮಾಡಿ, ಬಾಸ್ ಎಂಬ ಬೇಟೆ ಮೀನಿನ ಜೊತೆ ಬಿಟ್ಟರು. 60 ಗಂಟೆ ಆದ ಮೇಲೆ ಪುಕ್ಕಲುಗಳಲ್ಲಿ ಶೇ. 40 ಉಳಿದಿದ್ದವು. ಮಧ್ಯಮದವು ಶೇ. 15. ಧೈರ್ಯದವು ಒಂದೂ ಇಲ್ಲ.

ಅನುಮಾನ ಪಿಶಾಚಿ
ಹಾಗಾದರೆ ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯಿತಲ್ಲ!

ನದಿತೀರ
ಪೂರ್ತಿ ಕೇಳಿ. ನಾಲ್ಕು ವರ್ಷದ ಮೇಲೆ, 1996ರಲ್ಲಿ, ಗೊಡಿನ್ ಮತ್ತು ಅದೇ ಡುಗಾಟ್ಕಿನ್ ಹೆಣ್ಣು ಗಪ್ಪಿಗಳನ್ನು ಕೇಳಿದರು. ಶತ್ರುವಿನ ಹತ್ತಿರ ಹೋಗಿ ಬರುವ ಗಂಡನ್ನು ಕಣ್ಣಾರೆ ಕಂಡ ಹೆಣ್ಣುಗಳು ಅವನನ್ನೇ ಆರಿಸಿದವು. ಬೇಗ ಸಾಯುವವನಿಗೆ ಮಕ್ಕಳು ಜಾಸ್ತಿ ಆದರೆ ಲೆಕ್ಕ ಸರಿಹೋಯಿತಲ್ಲ. ಧೈರ್ಯದಿಂದ ಬರುವ ಲಾಭ ಅದೊಂದೇ ಅಲ್ಲ. ಊಟಕ್ಕೆ ಮೊದಲು ಬಂದವನು ಬೇಗ ಬೆಳೆಯುತ್ತಾನೆ. ದೂರ ಹೋದವನಿಗೆ ಹೊಸ ಮಡು ಸಿಗುತ್ತದೆ. ಟ್ರಿನಿಡಾಡ್‌ನ ರಿವುಲಸ್ ಮೀನುಗಳ ಧೈರ್ಯ ಅಳೆದು, ಗುರುತು ಹಾಕಿ ಹೊಳೆಗೆ ಬಿಟ್ಟಿದ್ದರು. ಧೈರ್ಯ ತೋರಿದವೇ ಹೆಚ್ಚು ದೂರ ಹೋಗಿದ್ದವು.

ಒಂದು ವರ್ಷ ಮಿಂಚುಳ್ಳಿ ಜಾಸ್ತಿ ಬಂದರೆ ಪುಕ್ಕಲು ಗೆಲ್ಲುತ್ತದೆ. ಮರುವರ್ಷ ಊಟ ಕಡಿಮೆ ಆದರೆ ಧೈರ್ಯ ಗೆಲ್ಲುತ್ತದೆ. ಯಾವ ಒಂದು ಸ್ವಭಾವಕ್ಕೂ ಎಲ್ಲ ವರ್ಷ ಗೆಲುವಿಲ್ಲ. ಅದಕ್ಕೇ ಎರಡೂ ಇವೆ.

ಮಲೇರಿಯಾ ಮಾಮ
ನಾನು ಕೋಲಾರದ ಕಡೆ ಆರೋಗ್ಯ ಇಲಾಖೆಯಲ್ಲಿ ಇದ್ದವನು, ಈಗ ನಿವೃತ್ತ. ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ, ಸಿಮೆಂಟ್ ತೊಟ್ಟಿ, ಕುಂಟೆಗಳಿಗೆಲ್ಲ ಗಪ್ಪಿ, ಗಾಂಬೂಸಿಯಾ ಬಿಡುತ್ತಿದ್ದೆವು. ನಾನು ಕಂಡದ್ದು ಒಂದು ಹೇಳಲಾ? ಮರಿ ಸಾಕುವ ತೊಟ್ಟಿಗೆ ಬಲೆ ಇಳಿಸಿದರೆ ಮೊದಲ ಸಲಕ್ಕೆ ಸಿಗುವ ಮೀನುಗಳೇ ಬೇರೆ. ನೀರಿನ ಮೇಲೆಯೇ ಆಡುತ್ತಾ ಇರುವಂಥವು. ತೊಟ್ಟಿ ಖಾಲಿ ಮಾಡಿದಾಗ ಕೆಸರಿನ ಮೂಲೆಯಿಂದ ಹೊರಗೆ ಬರುವ ಗುಂಪು ಬೇರೆ. ನಾವು ಪ್ಲಾಸ್ಟಿಕ್ ಚೀಲದಲ್ಲಿ ಊರೂರಿಗೆ ಹಂಚಿದ್ದೆಲ್ಲ ಆ ಮೊದಲ ಬಲೆಯವನ್ನೇ! ಈಗ ಇದನ್ನೆಲ್ಲ ಓದಿದರೆ, ಜಿಲ್ಲೆಗೆಲ್ಲ ನಾವು ಧೈರ್ಯದ ಬೀಜವನ್ನೇ ಹಂಚಿಬಿಟ್ಟೆವಾ ಅಂತ ಅನಿಸುತ್ತಿದೆ.

ನದಿತೀರ
ಮಾಮ, ನೀವು ಹೇಳಿದ್ದು ಬರೀ ಅನಿಸಿಕೆ ಅಲ್ಲ. 1993ರಲ್ಲಿ ಡೇವಿಡ್ ಸ್ಲೋನ್ ವಿಲ್ಸನ್ ಮತ್ತು ಜೊತೆಗಾರರು ಅಮೆರಿಕದ ಸನ್‌ಫಿಶ್‌ನಲ್ಲಿ ಇದನ್ನೇ ನೋಡಿದರು. ಬೋನಿನೊಳಗೆ ತಾವಾಗಿ ಬಂದ ಮೀನುಗಳೂ ಕೊಳವನ್ನು ಪೂರ್ತಿ ಬಲೆಯಿಂದ ಜಾಲಾಡಿದಾಗ ಸಿಕ್ಕವೂ ಒಂದೇ ಸ್ವಭಾವದವಲ್ಲ. ಮೀನು ಹಿಡಿಯುವ ರೀತಿಯೇ ಒಂದು ಜರಡಿ.

ಗಾಂಬೂಸಿಯಾ ಬಗ್ಗೆ ಇನ್ನೊಂದು ಇದೆ. 2010ರಲ್ಲಿ ಕೋಟ್ ಮತ್ತು ಜೊತೆಗಾರರು ಅವುಗಳನ್ನು ತೋಡಿನಂಥ ಒಂದು ಏರ್ಪಾಡಿನಲ್ಲಿ ಬಿಟ್ಟು ನೋಡಿದರು. ದೂರ ಹೋದವು ಗುಂಪನ್ನು ಇಷ್ಟಪಡದ ಮೀನುಗಳು. ಜೊತೆ ಬೇಡ ಎನ್ನುವವೇ ಹೊಸ ಜಾಗ ಹಿಡಿಯುತ್ತವೆ. ಊರು ಬಿಟ್ಟು ಹೋದವರ ಸ್ವಭಾವ ಊರಿನವರದ್ದಕ್ಕಿಂತ ಬೇರೆ, ಅಲ್ವಾ?

ಮಲೇರಿಯಾ ಮಾಮ
ಆಗ ಬಿಟ್ಟೆವು, ನಿಜ. ಈಗ ಯಾರೂ ಕೆರೆಗೆ, ಹೊಳೆಗೆ ಬಿಡಬೇಡಿ ಸ್ವಾಮಿ. ಗಾಂಬೂಸಿಯಾ ನಮ್ಮ ಮೀನುಗಳ ಮೊಟ್ಟೆ, ಮರಿ ಎಲ್ಲ ತಿಂದು ಹಾಕುತ್ತದೆ. ಸಿಮೆಂಟ್ ತೊಟ್ಟಿಗೆ ಮಾತ್ರ.

ಮೇಷ್ಟ್ರು, ಹಾಸನ
ಒಂದು ಅಡ್ಡಮಾತು, ಕ್ಷಮಿಸಿ. ಇಂಥ ಪ್ರಯೋಗಗಳಲ್ಲಿ ಇನ್ನೊಂದು ಸಣ್ಣ ಮೀನು ತುಂಬಾ ಬಳಕೆಯಲ್ಲಿದೆ, ಝೀಬ್ರಾ ಮೀನು. ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟದ್ದು ಯಾರು ಗೊತ್ತಾ? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ನಮ್ಮ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಊರೂರಿನ ಬೆಳೆ, ಜಾತಿ, ಕಸುಬು ಬರೆದಿಟ್ಟ ಬುಕಾನನ್. ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡರು. 1822ರಲ್ಲಿ ಗಂಗಾ ಸೀಮೆಯ ಮೀನುಗಳ ಪುಸ್ತಕದಲ್ಲಿ ಕೋಸಿ ನದಿಯ ಈ ಮೀನನ್ನು ವರ್ಣಿಸಿದರು. ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಅದೇ ಮೀನು.

ನದಿತೀರ
ಮೇಷ್ಟ್ರು ಕೊಟ್ಟ ಎಳೆಯನ್ನೇ ಹಿಡಿಯುತ್ತೇನೆ. ಬಂಗಾಳದ ಕಾಡು ಝೀಬ್ರಾ ಮೀನನ್ನೂ ಪ್ರಯೋಗಶಾಲೆಯಲ್ಲಿ ತಲೆಮಾರುಗಟ್ಟಲೆ ಬೆಳೆದದ್ದನ್ನೂ ಒಂದೇ ರೀತಿ ಸಾಕಿ ಹೋಲಿಸಿದ್ದಾರೆ, 2005ರಲ್ಲಿ. ತೊಟ್ಟಿಯ ತಳಿ ಮನುಷ್ಯ ಕಂಡರೆ ಅಷ್ಟು ಹೆದರುವುದಿಲ್ಲ, ನೀರಿನ ಮೇಲ್ಭಾಗಕ್ಕೆ ಬರುತ್ತದೆ. ಕಾಡಿನದು ಕೆಳಗೆ, ದೂರ. ಯಾರೂ ಬೇಕೆಂದು ಧೈರ್ಯದವನ್ನು ಆರಿಸಿರಲಿಲ್ಲ. ತೊಟ್ಟಿಯಲ್ಲಿ ಕೊಕ್ಕರೆ ಇಲ್ಲ, ಮೊದಲು ಬಂದವನಿಗೆ ಊಟ, ಅಷ್ಟೇ ಸಾಕು. ನಿಮ್ಮ ಧೈರ್ಯಲಕ್ಷ್ಮಿ ಬೆರಳು ಕಚ್ಚುವುದರಲ್ಲಿ ಅಂಗಡಿ ತೊಟ್ಟಿಗಳಲ್ಲೇ ಹುಟ್ಟಿ ಸತ್ತ ಎಷ್ಟೋ ತಲೆಮಾರಿನ ಪಾಲಿದೆ. ಟ್ರಿನಿಡಾಡ್‌ನ ಗಪ್ಪಿ ಹಾಗೆ ಬೆರಳಿನ ಹತ್ತಿರ ಬಂದಿದ್ದರೆ ಅದರ ಸಂತತಿಯೇ ಇರುತ್ತಿರಲಿಲ್ಲ.

ತೊಟ್ಟಿಮನೆ
ಎಲ್ಲ ಸರಿ, ಲೆಕ್ಕದಲ್ಲಿ ಹೇಳಿ ಮೇಡಂ. ಎಷ್ಟು ಭಾಗ ಅಪ್ಪ ಅಮ್ಮನಿಂದ?

ನದಿತೀರ
ಬೇರೆ ಬೇರೆ ಪ್ರಾಣಿಗಳ ಅಧ್ಯಯನಗಳನ್ನು ಸೇರಿಸಿ 2015ರಲ್ಲಿ ಒಂದು ಲೆಕ್ಕ ಬಂತು. ಸ್ವಭಾವದ ಕಾಯಂ ವ್ಯತ್ಯಾಸದಲ್ಲಿ ಸುಮಾರು ಶೇ. 52 ವಂಶವಾಹಿಯಿಂದ. ಆದರೆ ದಯವಿಟ್ಟು ‘ಧೈರ್ಯಲಕ್ಷ್ಮಿಯ ಧೈರ್ಯದಲ್ಲಿ ಅರ್ಧ ಅಮ್ಮನದು’ ಅಂತ ಮಗಳಿಗೆ ಹೇಳಬೇಡಿ. ಇದನ್ನು ತಪ್ಪು ತಿಳಿಯುವವರೇ ಜಾಸ್ತಿ.

ರಾಗಿ ಮುದ್ದೆ ತೊಗೊಳ್ಳಿ. ಒಂದು ಮುದ್ದೆಯಲ್ಲಿ ಹಿಟ್ಟಿನ ರುಚಿ ಎಷ್ಟು, ಕೈಯ ರುಚಿ ಎಷ್ಟು ಅಂತ ಕೇಳಿದರೆ ಅರ್ಥವಿಲ್ಲ. ಹತ್ತು ಮನೆಯ ಮುದ್ದೆ ಹತ್ತು ಥರ ಇರುವುದಕ್ಕೆ ಹಿಟ್ಟು ಕಾರಣವಾ, ಕೈ ಕಾರಣವಾ ಅಂತ ಕೇಳಬಹುದು. ಹತ್ತು ಮನೆಯವರೂ ಒಂದೇ ಮಿಲ್ಲಿನ ಹಿಟ್ಟು ತಂದಿದ್ದರೆ ವ್ಯತ್ಯಾಸವೆಲ್ಲ ಕೈಯದ್ದೇ. ಒಬ್ಬಳೇ ಅಜ್ಜಿ ಹತ್ತು ಥರ ಹಿಟ್ಟಿನಲ್ಲಿ ಕಟ್ಟಿದರೆ ವ್ಯತ್ಯಾಸವೆಲ್ಲ ಹಿಟ್ಟಿನದು. ಶೇ. 52 ಎನ್ನುವುದು ಇಂಥ ಮಾತು. ತೊಟ್ಟಿ ಬದಲಾದರೆ ಅದೂ ಬದಲಾಗುತ್ತದೆ.

ಗಪ್ಪಿ ಗುಂಡ
ಮುದ್ದೆ ಉದಾಹರಣೆಗೆ ಒಂದು ನಮಸ್ಕಾರ ಅಕ್ಕ. ಆದರೂ ನೂಲಿನಂತೆ ಸೀರೆ ಅರ್ಧ ಸರಿಯಾಯಿತಲ್ಲ?

ನದಿತೀರ
ಅರ್ಧ ಸರಿ. ಆದರೆ ಅಮ್ಮ ಕೊಡುವುದು ವಂಶವಾಹಿ ಒಂದನ್ನೇ ಅಲ್ಲ. ಮೊಟ್ಟೆ ಕಟ್ಟುವಾಗ ಶತ್ರುವಿನ ಭಯದಲ್ಲಿದ್ದ ಸ್ಟಿಕಲ್‌ಬ್ಯಾಕ್ ತಾಯಿಯ ಮೊಟ್ಟೆಯಲ್ಲಿ ಒತ್ತಡದ ಹಾರ್ಮೋನು ಜಾಸ್ತಿ. 2011ರ ಒಂದು ಅಧ್ಯಯನದಲ್ಲಿ ಅಂಥ ತಾಯಿಯ ಮರಿಗಳು ಹೆಚ್ಚು ಒತ್ತಾಗಿ ಗುಂಪು ಕಟ್ಟಿದವು. ಅಮ್ಮ ಎಚ್ಚರಿಕೆ ಹೇಳಿ ಕಳಿಸಿದ ಹಾಗೆ. ಮರುವರ್ಷದ ಇನ್ನೊಂದರಲ್ಲಿ ಉಲ್ಟಾ. ಹೆದರಿದ ತಾಯಿಯ ಮರಿಗಳು ಪೈಕ್ ಎದುರು ಸರಿಯಾಗಿ ಬಚ್ಚಿಟ್ಟುಕೊಳ್ಳದೆ ಬೇಗ ಸತ್ತವು. ಎರಡನ್ನೂ ಹೊಂದಿಸುವುದು ಸುಲಭವಲ್ಲ. ನನಗೆ ಎರಡನೆಯದರ ಮೇಲೆ ನಂಬಿಕೆ ಜಾಸ್ತಿ, ಅಲ್ಲಿ ನಿಜವಾದ ಪೈಕ್ ಇತ್ತು.

ಸ್ಟಿಕಲ್‌ಬ್ಯಾಕ್‌ನಲ್ಲಿ ಮರಿ ನೋಡಿಕೊಳ್ಳುವವನು ಅಪ್ಪ. ಗೂಡು ಕಟ್ಟಿ, ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಹಾಕಿ, ಮರಿ ದೂರ ಹೋದರೆ ಬಾಯಲ್ಲಿ ಕಚ್ಚಿ ತಂದು ಗೂಡಿಗೆ ಉಗುಳುತ್ತಾನೆ. ಒಳ್ಳೆಯ ಆರೈಕೆ ಸಿಕ್ಕ ಮರಿಗಳಿಗೆ ಗಾಬರಿ ಕಡಿಮೆ.

ಇನ್ನೊಂದು ಪನಾಮಾದ್ದು, ಗಪ್ಪಿಯ ದೂರದ ನೆಂಟ. ಬ್ರೌನ್ ಮತ್ತು ಬ್ರೈತ್‌ವೈಟ್ ಅವರ ತಂಡ ನೋಡಿದ್ದು. ಶತ್ರು ಜಾಸ್ತಿ ಇರುವ ಹೊಳೆಯ ಮೀನುಗಳೇ ಡಬ್ಬಿಯಿಂದ ಬೇಗ ಹೊರಗೆ ಬಂದವು! ಹೆದರಿ ಕೂತರೆ ಹೊಟ್ಟೆಗೆ ಹಿಟ್ಟಿಲ್ಲ, ಅದಕ್ಕೇ ಇರಬೇಕು. ತೊಟ್ಟಿಯಲ್ಲೇ ಹುಟ್ಟಿದ ಅವುಗಳ ಮರಿಗಳೂ ಬೇಗ ಬಂದವು. ಅದು ಹುಟ್ಟುಗುಣ. ಆದರೆ ದಿನಾ ಬಲೆಯಿಂದ ಅಟ್ಟಾಡಿಸಿದ ಮರಿಗಳು ಇನ್ನೂ ಬೇಗ ಬಂದವು. ಅದು ಬೆಳೆಸಿದ ಗುಣ. ಒಂದೇ ಮೀನಿನಲ್ಲಿ ಎರಡೂ.

ಅನುಮಾನ ಪಿಶಾಚಿ
ಸರಿ. ವಂಶವಾಹಿ ಒಂದೇ, ತೊಟ್ಟಿ ಒಂದೇ, ಊಟ ಒಂದೇ ಮಾಡಿಬಿಟ್ಟರೆ ಎಲ್ಲ ಮೀನೂ ಒಂದೇ ಆಗಬೇಕು. ಯಾರಾದರೂ ನೋಡಿದ್ದಾರಾ?

ನದಿತೀರ
ನೋಡಿದ್ದಾರೆ, ಅದಕ್ಕೆ ತಕ್ಕ ಮೀನೂ ಇದೆ. ಅಮೆಜಾನ್ ಮಾಲಿ ಅಂತ. ಅಮೆಜಾನ್ ನದಿಗೂ ಅದಕ್ಕೂ ಸಂಬಂಧ ಇಲ್ಲ, ಇರುವುದು ಮೆಕ್ಸಿಕೊ, ಟೆಕ್ಸಸ್ ಕಡೆ. ಇಡೀ ಜಾತಿಯೇ ಹೆಣ್ಣು. ಬೇರೆ ಜಾತಿಯ ಗಂಡಿನ ಜೊತೆ ಕೂಡುತ್ತದೆ, ಆದರೆ ಅವನ ವಂಶವಾಹಿ ಮರಿಗೆ ಹೋಗುವುದಿಲ್ಲ. ಮರಿಗಳೆಲ್ಲ ಅಮ್ಮನ ನಕಲು. 2017ರಲ್ಲಿ ಬಿಯರ್‌ಬಾಕ್, ಲಾಸ್ಕೋವ್‌ಸ್ಕಿ, ವುಲ್ಫ್ ಎಂಬ ಮೂವರು ಹುಟ್ಟಿದ ತಕ್ಷಣ ಒಂದೊಂದು ಮರಿಯನ್ನು ಬೇರೆ ಬೇರೆ ತೊಟ್ಟಿಗೆ ಹಾಕಿದರು. ಅದೇ ನೀರು, ಅದೇ ಶಾಖ, ಅಳೆದು ಹಾಕಿದ ಊಟ. ಆದರೂ ಪ್ರತಿ ಮೀನಿಗೂ ತನ್ನದೇ ನಡೆ. ಕೆಲವು ಸದಾ ಓಡಾಟ, ಕೆಲವು ತಣ್ಣಗೆ. ಆಮೇಲೆ 2022ರಲ್ಲಿ ಹುಟ್ಟಿದ ಮೊದಲ ದಿನದಿಂದ ಹತ್ತು ವಾರ ಕ್ಯಾಮೆರಾದಲ್ಲಿ ಹಿಂಬಾಲಿಸಿದರು. ವ್ಯತ್ಯಾಸ ಮೊದಲ ದಿನವೇ ಇತ್ತು, ದಿನ ಹೋದ ಹಾಗೆ ಗಟ್ಟಿಯಾಯಿತು.

ಕರಾವಳಿ ಹುಡುಗಿ
ಹುಟ್ಟಿದ ಗಳಿಗೆ ನೋಡಿದ್ದಾರಾ? ಒಂದು ರೋಹಿಣಿ, ಒಂದು ಮೂಲಾ ಇರಬಹುದು.

ಅನುಮಾನ ಪಿಶಾಚಿ
ಈ ವಾದಕ್ಕೆ ಜಾತಕವನ್ನು ಕರೆತಂದವರಿಗೆ ಒಂದು ಚಮಚ ಮೀನಿನ ಊಟ ದಂಡ.

ನದಿತೀರ
ನಗಬೇಡಿ, ಆ ಮೊದಲ ದಿನದ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎನ್ನುವುದೇ ಈಗಿನ ದೊಡ್ಡ ಜಗಳ. ಹೊಟ್ಟೆಯೊಳಗೆ ಯಾವ ಮೊಟ್ಟೆ ಎಲ್ಲಿ ಕೂತಿತ್ತು, ಮಿದುಳಿನ ಎಳೆಗಳು ಕೂಡುವಾಗ ಆಚೀಚೆ ಆದದ್ದೇನು. ತೀರಾ ಸಣ್ಣ ಸಣ್ಣ ಆಕಸ್ಮಿಕ. ಒಂದೇ ಹದದ ಹಿಟ್ಟಿನ ಎರಡು ದೋಸೆಯಲ್ಲಿ ತೂತುಗಳು ಒಂದೇ ಕಡೆ ಬೀಳುವುದಿಲ್ಲವಲ್ಲ.

ತೊಟ್ಟಿಮನೆಯವರೇ, ನೀವೇ ಮಾಡಿ ನೋಡಿ. ಆದರೆ ಒಂದು ಎಚ್ಚರ. ಹೆಣ್ಣು ಗಪ್ಪಿ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ. ಒಂದೇ ಸೂಲಿನ ಮರಿಗಳಿಗೆ ಎರಡು ಮೂರು ಅಪ್ಪ ಇರಬಹುದು. ಅಮ್ಮ ಗೊತ್ತು, ಅಪ್ಪ ಗೊತ್ತಿಲ್ಲ.

ತೊಟ್ಟಿಮನೆ
ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. ಧೈರ್ಯಲಕ್ಷ್ಮಿ 17 ಮರಿ ಹಾಕಿದಳು, 8 ಉಳಿದವು. ಪುಕ್ಕಲಿಯದು 9, ಅದರಲ್ಲಿ 6. (ಗುಂಡಣ್ಣ ಹೇಳಿದ್ದು ನಿಜ. ಒಂದು ರಾತ್ರಿ ಲೇಟ್ ಮಾಡಿದೆ, ಅಷ್ಟರಲ್ಲೇ ಮುಗಿಸಿದ್ದಳು.) ಒಂದೊಂದು ಮರಿ ಒಂದೊಂದು ಹಾರ್ಲಿಕ್ಸ್ ಬಾಟಲಿಯಲ್ಲಿ. ಅಡುಗೆಮನೆ ಕಟ್ಟೆ ಪೂರ್ತಿ ಬಾಟಲಿ. ಮನೆಯವಳು ಮೂರು ವಾರ ಮಾತಾಡಿಲ್ಲ.

ಡಬ್ಬಿಗೆ ಬದಲು ಕಪ್ಪು ಬಣ್ಣ ಬಳಿದ ಪ್ಲಾಸ್ಟಿಕ್ ಟೀ ಕಪ್. ಕತ್ತರಿಸಿ ಬಾಗಿಲು ಮಾಡಿದೆ, ದಾರ ಎಳೆಯುವುದು ಮಗಳ ಕೆಲಸ. ಪ್ರತಿ ಮರಿಗೆ ಮೂರು ಸಲ, ನಾಲ್ಕು ದಿನಕ್ಕೊಮ್ಮೆ. ಬಾಟಲಿಯ ತಳಕ್ಕೆ ಮಾತ್ರ ನಂಬರ್. ಅಳೆಯುವಾಗ ಯಾವುದು ಯಾರ ಮರಿ ಅಂತ ಅವಳಿಗೆ ಗೊತ್ತಿರಲಿಲ್ಲ.

14ರಲ್ಲಿ 9 ಮರಿಗಳು ಮೂರು ಸಲವೂ ಹೆಚ್ಚುಕಡಿಮೆ ತಮ್ಮ ಜಾಗದಲ್ಲೇ ಇದ್ದವು. ಬೇಗ ಬರುವುದು ಬೇಗ, ತಡ ಮಾಡುವುದು ತಡ. ಅಲ್ಲಿಗೆ ಸರಿ. ಆದರೆ ಎಲ್ಲಕ್ಕಿಂತ ಬೇಗ ಬಂದದ್ದು 11ನೇ ನಂಬರ್, ಮೂರು ಸಲವೂ ಹತ್ತು ಸೆಕೆಂಡಿನೊಳಗೆ. ತಳ ತಿರುಗಿಸಿ ನೋಡಿದರೆ ಪುಕ್ಕಲಿಯ ಮರಿ! ಎರಡು ಗುಂಪಿನ ಸರಾಸರಿ ನೋಡಿದರೆ ಧೈರ್ಯಲಕ್ಷ್ಮಿಯವು ಸ್ವಲ್ಪ ಬೇಗ, ಆದರೆ ಹೇಳಿಕೊಳ್ಳುವಷ್ಟಿಲ್ಲ.

ಗಪ್ಪಿ ಗುಂಡ
11ನೇ ನಂಬರಿಗೆ ಅಪ್ಪ ಯಾರೋ ಶೂರ ಇರಬೇಕು.

ಅನುಮಾನ ಪಿಶಾಚಿ
14 ಮೀನು ಸಾಲದು, ಮೂರು ಸಲ ಸಾಲದು. ಆದರೆ ನಂಬರ್ ಮುಚ್ಚಿಟ್ಟು ಅಳೆದದ್ದಕ್ಕೆ ನಿಮ್ಮ ಮಗಳಿಗೆ ನನ್ನದೊಂದು ಸಲಾಂ. ದೊಡ್ಡವರೇ ಅದನ್ನು ಮರೆಯುತ್ತಾರೆ.

ನದಿತೀರ
ಇಷ್ಟು ಸಣ್ಣ ಲೆಕ್ಕದಲ್ಲಿ ಇಷ್ಟು ಬಂದದ್ದೇ ಚೆನ್ನಾಗಿದೆ. ತಮ್ಮ ಜಾಗ ಬಿಡದ 9 ಮರಿ ನನಗೆ ಮುಖ್ಯ, ಸರಾಸರಿ ಅಲ್ಲ. 11ನೇ ನಂಬರನ್ನು ಬೇರೆ ಇಡಿ, ಅದೂ ಮರಿ ಹಾಕಲಿ.

ತೊಟ್ಟಿಮನೆ
ಮರೆತೆ, ಇನ್ನೊಂದು ಇದೆ. ಮರಿ ಹಾಕಿಸಲು ಧೈರ್ಯಲಕ್ಷ್ಮಿಯನ್ನು ಹನ್ನೆರಡು ದಿನ ಬೇರೆ ತೊಟ್ಟಿಯಲ್ಲಿ ಇಟ್ಟಿದ್ದೆ. ಮೂರನೇ ದಿನದಿಂದ ದೊಡ್ಡ ತೊಟ್ಟಿಯಲ್ಲಿ ಡಬ್ಬಿ ಸದ್ದಿಗೆ ಮೊದಲು ಮೇಲೆ ಬರುತ್ತಿದ್ದವಳು ಪುಕ್ಕಲಿ. ಗಾಜಿಗೆ ಮೂತಿ ಒತ್ತಿ ನಿಲ್ಲುವುದೂ ಕಲಿತಿದ್ದಾಳೆ. ಧೈರ್ಯಲಕ್ಷ್ಮಿ ವಾಪಸ್ ಬಂದು ಒಂದು ವಾರವಾಯಿತು, ಈಗ ಎರಡೂ ಒಟ್ಟಿಗೆ ಬರುತ್ತವೆ. ಹೆಸರು ಬದಲಿಸಬೇಕಾ ಅಂತ ಮಗಳು ಕೇಳುತ್ತಿದ್ದಾಳೆ.

ಅನುಮಾನ ಪಿಶಾಚಿ
ಮೊದಲ ದಿನವೇ ಹೇಳಿದ್ದೆ, ಧೈರ್ಯಲಕ್ಷ್ಮಿ ಓಡಿಸುತ್ತಿರಬಹುದು ಅಂತ. ಯಾರು ಕೇಳಿದಿರಿ? ಆದರೂ ಆತುರ ಬೇಡ ಮಗಳೇ. ಪುಕ್ಕಲಿಯನ್ನು ಒಬ್ಬಳನ್ನೇ ಟ್ರೇಗೆ ಬಿಟ್ಟು, ಅದೇ ಟೀ ಕಪ್ಪಿನಲ್ಲಿ ಇನ್ನೂ ಮೂರು ಸಲ ಅಳೆದು ನೋಡು. ನಾಮಕರಣ ಆಮೇಲೆ.